ಕತ್ತಲಲ್ಲಿ ಲಾರಿಯನ್ನು ದಾಟುವ ಬಗೆ: ಉಡುಪಿ–ಮಂಗಳೂರು ಕಡೆಯ ಕಾರು ಚಾಲಕರಿಗೊಂದು ಸಮಗ್ರ ಮಾರ್ಗದರ್ಶಿ

ಹಗಲಿನಲ್ಲಿ ಲಾರಿಯನ್ನು ಹಿಂದಿಕ್ಕುವಾಗ ನಮಗೆ ರಸ್ತೆ ಕಾಣುತ್ತದೆ. ರಾತ್ರಿ ಕಾಣುವುದು ಬರೀ ದೀಪ. ಎದುರಿನಿಂದ ಬರುತ್ತಿರುವುದು ಬಸ್ಸೋ ಬೈಕೋ, ಎಷ್ಟು ದೂರದಲ್ಲಿದೆ, ಮುಂದಿರುವ ಲಾರಿ ಆರು ಗಾಲಿಯದೋ ಹದಿನೆಂಟು ಗಾಲಿಯದೋ, ಎಲ್ಲವನ್ನೂ ಒಂದೆರಡು ದೀಪಗಳಿಂದಲೇ ಊಹಿಸಬೇಕು. ಲಾರಿ ಚಾಲಕರ ಪಾಡೂ ಅಷ್ಟೇ. ಅವರಿಗೆ ನಿಮ್ಮ ಕಾರು ಕಾಣುವುದಿಲ್ಲ. ಬಲಗನ್ನಡಿಯಲ್ಲಿ ಎರಡು ಬೆಳಕಿನ ಚುಕ್ಕೆಗಳು ಕಾಣುತ್ತವೆ. ಹಾಗಾಗಿ ರಾತ್ರಿ ಓವರ್‌ಟೇಕ್ ಮಾಡುವವರ ಸೌಜನ್ಯವೆಂದು ನಾನು ಕರೆಯುವುದು ಎರಡೇ ಕೆಲಸಗಳನ್ನು: ಮನಸ್ಸಿನಲ್ಲಿರುವುದನ್ನು ದೀಪದಲ್ಲಿ ಹೇಳುವುದು, ಆ ದೀಪದಿಂದ ಎದುರಿನವರ ಕಣ್ಣು ಕತ್ತಲಾಗದಂತೆ ನೋಡಿಕೊಳ್ಳುವುದು. ಮುಂದಿನದೆಲ್ಲ ಇದರ ವಿವರ.

ಕೆಲಸದ ಕಾರಣದಿಂದ ವಾರಕ್ಕೆ ಮೂರು ನಾಲ್ಕು ಸಲ ರಾತ್ರಿ ಹತ್ತರ ಮೇಲೆ ಮಂಗಳೂರಿನಿಂದ ಉಡುಪಿಗೆ ಮರಳುವವನು ನಾನು. ಕಾರು ಓಡಿಸಲು ಕಲಿಸಿದ್ದು ನನ್ನ ಸೋದರಮಾವ. ಅವರು ಹಂಚಿನ ಲಾರಿಯಲ್ಲಿ ಶಿರಾಡಿ ಘಾಟಿ ಹತ್ತಿಳಿದವರು. ಕಾರಿನಲ್ಲಿ ಕುಳಿತು ಕಲಿತದ್ದಕ್ಕಿಂತ, ಒಮ್ಮೆ ಅವರ ಲಾರಿಯ ಕ್ಯಾಬಿನ್ನಿನಲ್ಲಿ ಕುಳಿತು ಹಿಂದಿನ ಕಾರುಗಳನ್ನು ಕನ್ನಡಿಯಲ್ಲಿ ನೋಡಿದಾಗ ಕಲಿತದ್ದೇ ಹೆಚ್ಚು.

ಹೊರಡುವ ಮೊದಲು

ಮುಂದಿನ ಗಾಜನ್ನು ಒಳಗಿನಿಂದ ಒರೆಸಿ. ಹೊರಗಿನಿಂದ ಎಲ್ಲರೂ ಒರೆಸುತ್ತಾರೆ. ಕರಾವಳಿಯ ತೇವಕ್ಕೆ ಗಾಜಿನ ಒಳಮೈಯಲ್ಲಿ ತೆಳ್ಳಗೆ ಜಿಡ್ಡಿನ ಪದರ ಕೂತಿರುತ್ತದೆ. ಹಗಲಿನಲ್ಲಿ ಅದು ಕಾಣುವುದೇ ಇಲ್ಲ. ರಾತ್ರಿ ಎದುರಿನ ದೀಪ ಬಿದ್ದ ಕೂಡಲೇ ಗಾಜಿನ ತುಂಬ ಹಾಲು ಚೆಲ್ಲಿದ ಹಾಗಾಗುತ್ತದೆ. ಒದ್ದೆ ಮಾಡಿದ ಹಳೆಯ ದಿನಪತ್ರಿಕೆಯಿಂದ ಒರೆಸಿ ಒಣ ಬಟ್ಟೆ ಆಡಿಸಿದರೆ ಸಾಕು.

ಸ್ಟೀರಿಂಗಿನ ಬಲಬದಿಯಲ್ಲಿ ಹಲವು ಕಾರುಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕಿ ಇರುವ ಚಿಕ್ಕ ತಿರುಗಣೆಯೊಂದು ಇರುತ್ತದೆ. ಅದು ಹೆಡ್‌ಲೈಟನ್ನು ಮೇಲೆ ಕೆಳಗೆ ಮಾಡುವ ತಿರುಗಣೆ. ಹಿಂದಿನ ಸೀಟಿನಲ್ಲಿ ಮೂವರು ಕುಳಿತು ಡಿಕ್ಕಿಯಲ್ಲಿ ಎರಡು ಹಲಸಿನ ಹಣ್ಣು, ಒಂದು ಮೂಟೆ ತೆಂಗಿನಕಾಯಿ ಹಾಕಿದರೆ ಕಾರಿನ ಮೂತಿ ಮೇಲೇಳುತ್ತದೆ. ಆಗ ನೀವು ಡಿಮ್ ಹಾಕಿದ್ದೇನೆ ಎಂದುಕೊಂಡಿದ್ದರೂ ಎದುರಿನವರ ಪಾಲಿಗೆ ಅದು ಬ್ರೈಟ್. ಭಾರ ಇದ್ದಷ್ಟು ಅಂಕಿ ಹೆಚ್ಚಿಸಿ, ದೀಪ ತಗ್ಗುತ್ತದೆ. ಹತ್ತು ವರ್ಷ ಕಾರು ಓಡಿಸಿ ಇದನ್ನು ಒಮ್ಮೆಯೂ ಮುಟ್ಟದವರನ್ನು ನಾನು ಬಲ್ಲೆ.

ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ಹೆಡ್‌ಲೈಟಿಗೆ ಅಂಗಡಿಯಿಂದ ಎಲ್‌ಇಡಿ ಬಲ್ಬು ತಂದು ಸಿಕ್ಕಿಸಿಕೊಂಡಿದ್ದರೆ ದಯವಿಟ್ಟು ತೆಗೆಸಿ. ಬೆಳಕು ರಸ್ತೆಗೆ ಬೀಳುವ ಬದಲು ಎಲ್ಲ ಕಡೆ ಚೆಲ್ಲುತ್ತದೆ. ಕಾರಿನೊಳಗಿನ ಕನ್ನಡಿಯ ಕೆಳಗೊಂದು ಚಿಕ್ಕ ನಾಲಗೆ ಇದೆಯಲ್ಲ, ಅದನ್ನು ರಾತ್ರಿ ನಿಮ್ಮ ಕಡೆಗೆ ಎಳೆದುಕೊಳ್ಳಿ. ಲಾರಿಯನ್ನು ದಾಟಿದ ಮೇಲೆ ಅದರ ದೀಪ ನಿಮ್ಮ ಕಣ್ಣಿಗೆ ಕುಕ್ಕುವುದಿಲ್ಲ.

ಮುಂದಿರುವುದು ಯಾವ ಲಾರಿ?

ದಾಟುವ ಆಸೆ ಹುಟ್ಟುವ ಮೊದಲು ಎದುರಿಗಿರುವುದನ್ನು ಓದಬೇಕು. ಲಾರಿಯ ಹಿಂಭಾಗದಲ್ಲಿ ಕೆಂಪು ಪ್ರತಿಫಲಕ ಪಟ್ಟಿ, ಪಕ್ಕದಲ್ಲಿ ಹಳದಿ ಪಟ್ಟಿ ಇರಬೇಕೆಂಬುದು ನಿಯಮ. ಸಣ್ಣ ತಿರುವೊಂದು ಬಂದಾಗ ಲಾರಿಯ ಮಗ್ಗುಲು ನಿಮ್ಮ ದೀಪಕ್ಕೆ ಸಿಕ್ಕಿ ಹಳದಿ ಗೆರೆ ಹೊಳೆಯುತ್ತದೆ. ಆ ಗೆರೆಯ ಉದ್ದ ನೋಡಿಕೊಂಡರೆ ಲಾರಿಯ ಉದ್ದ ತಿಳಿಯಿತು. ಪಟ್ಟಿ ಕೆಸರಿನಲ್ಲಿ ಮುಚ್ಚಿಹೋಗಿದ್ದರೆ, ಇರುವುದಕ್ಕಿಂತ ಉದ್ದವೆಂದೇ ಭಾವಿಸಿ.

ನಮ್ಮ ಕಡೆ ರಾತ್ರಿ ಸಿಗುವ ಲಾರಿಗಳಿಗೆ ಒಂದೊಂದಕ್ಕೂ ಒಂದೊಂದು ಸ್ವಭಾವ. ಪಣಂಬೂರು, ಸುರತ್ಕಲ್ ಕಡೆಯಿಂದ ಹೊರಡುವ ಟ್ಯಾಂಕರುಗಳು ನಿಧಾನ. ಅದು ಚಾಲಕರ ಸೋಮಾರಿತನವಲ್ಲ. ಸಾಮಾನ್ಯ ಸರಕು ವಾಹನಕ್ಕೆ ವೇಗ ನಿಯಂತ್ರಕದ ಮಿತಿ ಗಂಟೆಗೆ 80 ಕಿಲೋಮೀಟರ್ ಇದ್ದರೆ, ಟ್ಯಾಂಕರ್ ಮತ್ತು ಟಿಪ್ಪರುಗಳಿಗೆ 60. ನೀವು ಎಷ್ಟು ಡಿಪ್ ಹೊಡೆದರೂ, ಅಂದರೆ ದೀಪವನ್ನು ಡಿಮ್ಮಿನಿಂದ ಬ್ರೈಟಿಗೆ ಮಿನುಗಿಸಿದರೂ, ಅವು ಅದಕ್ಕಿಂತ ಜೋರಾಗಿ ಓಡಲಾರವು. ಅಡುಗೆ ಅನಿಲದ ಬುಲೆಟ್ ಟ್ಯಾಂಕರ್ ಆಗಿದ್ದರೆ ನಾನು ಇನ್ನಷ್ಟು ಹಿಂದೆ ಉಳಿಯುತ್ತೇನೆ. 2013ರಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅಂಥ ಟ್ಯಾಂಕರ್ ಮಗುಚಿ ಬೆಂಕಿ ಹೊತ್ತಿದ್ದನ್ನು ಈ ಕಡೆಯವರು ಮರೆಯುವ ಹಾಗಿಲ್ಲ. ಅದರ ಮುಂದೆ ಗಕ್ಕನೆ ನುಗ್ಗಿ ಬ್ರೇಕ್ ಹಾಕುವ ಕಾರಿನವರಿಗೆ ಏನು ಹೇಳಬೇಕೋ ನನಗೆ ತಿಳಿಯದು.

ಮಲ್ಪೆಯ ಮೀನಿನ ಲಾರಿಗೆ ಇದಕ್ಕೆ ತದ್ವಿರುದ್ಧ ಅವಸರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ದಿನಗಳಲ್ಲಿ ಅವು ಕಡಿಮೆ. ಆಗಸ್ಟಿನಿಂದ ಮತ್ತೆ ಶುರು. ಮಂಜುಗಡ್ಡೆ ಕರಗಿದ ನೀರು ಸೋರುತ್ತಿದ್ದರೆ ಅದರ ಬೆನ್ನ ಹಿಂದೆಯೇ ಇರಬೇಡಿ. ಆ ನೀರು ಬಿದ್ದ ರಸ್ತೆ ಜಾರುತ್ತದೆ, ನಿಮ್ಮ ಗಾಜಿಗೆ ಹಾರಿದರೆ ವೈಪರ್ ಹಾಕಿದಷ್ಟೂ ಮಂಜಾಗುತ್ತದೆ. ಹೊಯಿಗೆ, ಜಲ್ಲಿ ತುಂಬಿದ ಟಿಪ್ಪರಿನ ಹಿಂದೆಯೂ ಹಾಗೆಯೇ ದೂರವಿರಿ, ಕಲ್ಲು ಹಾರುತ್ತದೆ.

ನವೆಂಬರಿನಿಂದ ಮಾರ್ಚ್‌ವರೆಗೆ ಇನ್ನೊಂದು ಬಗೆಯ ಲಾರಿ ಸಿಗುತ್ತದೆ: ಕಂಬಳದ ಕೋಣಗಳದ್ದು. ಹಿಂದೆ ಕೋಣಗಳ ಪಕ್ಕದಲ್ಲೇ ಇಬ್ಬರು ಮೂವರು ನಿಂತಿರುತ್ತಾರೆ. ಈ ಲಾರಿಗೆ ಹಾರ್ನ್ ಬೇಡ, ಬ್ರೈಟ್ ಬೇಡವೇ ಬೇಡ. ಕೋಣ ಬೆದರಿ ಒಂದು ಬದಿಗೆ ವಾಲಿದರೆ ಲಾರಿಯೂ ವಾಲುತ್ತದೆ. ಅಗಲವಾದ ರಸ್ತೆ ಸಿಗುವವರೆಗೆ ಕಾದು, ದೂರದಿಂದ ಸದ್ದಿಲ್ಲದೆ ದಾಟಿ.

ಹಿಂದೆ ಎಲ್ಲಿ ನಿಲ್ಲಬೇಕು

ಲಾರಿಯ ಹಿಂದೆ ಮೂರು ಸೆಕೆಂಡಿನ ಅಂತರ ಇರಲಿ. ಲಾರಿ ಒಂದು ಕಂಬವನ್ನು ದಾಟಿದಾಗ ಅವಸರವಿಲ್ಲದೆ "ಕಾಪು, ಕಟಪಾಡಿ, ಉದ್ಯಾವರ" ಎಂದು ಹೇಳಿಕೊಳ್ಳಿ. ಹೇಳಿ ಮುಗಿಯುವ ಮೊದಲೇ ನೀವು ಆ ಕಂಬವನ್ನು ದಾಟಿದರೆ ತೀರಾ ಹತ್ತಿರ ಇದ್ದೀರಿ ಎಂದರ್ಥ. 60ರ ವೇಗದಲ್ಲಿ ಮೂರು ಸೆಕೆಂಡೆಂದರೆ 50 ಮೀಟರ್. ಮಳೆಯಿದ್ದರೆ ಅಂಬಲಪಾಡಿಯನ್ನೂ ಸೇರಿಸಿ.

ಹತ್ತಿರ ಹೋದಷ್ಟು ಬೇಗ ದಾಟಬಹುದೆಂಬ ಭ್ರಮೆ ನಮ್ಮಲ್ಲಿ ಬಹಳ. ವಾಸ್ತವ ತಿರುಗುಮುರುಗು. ಲಾರಿಯ ಬೆನ್ನಿಗೆ ಅಂಟಿಕೊಂಡರೆ ನಿಮಗೆ ಮುಂದಿನ ರಸ್ತೆ ಕಾಣುವುದಿಲ್ಲ, ಚಾಲಕರಿಗೆ ಕನ್ನಡಿಯಲ್ಲಿ ನೀವೂ ಕಾಣುವುದಿಲ್ಲ. ಲಾರಿಯ ಪಕ್ಕದ ಕನ್ನಡಿ ನಿಮಗೆ ಕಾಣುತ್ತಿದ್ದರೆ ಮಾತ್ರ ಆ ಕನ್ನಡಿಯಲ್ಲಿ ನೀವು ಇದ್ದೀರಿ. ಹಿಂದೆ ಸರಿದು, ನಿಮ್ಮ ಪಥದೊಳಗೇ ಸ್ವಲ್ಪ ಬಲಕ್ಕೆ ನಿಂತರೆ ಎರಡೂ ಕೆಲಸ ಆಗುತ್ತದೆ.

ಹಿಂದೆ ಇರುವಷ್ಟು ಹೊತ್ತೂ ದೀಪ ಡಿಮ್‌ನಲ್ಲೇ ಇರಲಿ. ಲಾರಿ ಎತ್ತರ, ನಮ್ಮ ಬೆಳಕು ಚಾಲಕರಿಗೆ ತಾಗದು ಎಂದುಕೊಳ್ಳುವವರಿದ್ದಾರೆ. ಮಾವನ ಕ್ಯಾಬಿನ್ನಿನಲ್ಲಿ ನಾನು ಕಂಡದ್ದೇ ಬೇರೆ: ಹಿಂದಿನ ಕಾರೊಂದರ ಬ್ರೈಟ್ ಬಲಗನ್ನಡಿಗೆ ಬಡಿದು, ಅಲ್ಲಿಂದ ಪುಟಿದು ಮಾವನ ಗಲ್ಲದ ಮೇಲೆ ಬಿಳಿಯ ಚೌಕವಾಗಿ ಕುಳಿತಿತ್ತು. ಅವರು ಕೈ ಅಡ್ಡ ಹಿಡಿದು, ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು ಎರಡು ಮೈಲಿ ಓಡಿಸಿದರು. "ಇವನಿಗೆ ಸೈಡ್ ಕೊಡೋಣವೆಂದರೆ ಎಡಗಡೆ ರಸ್ತೆ ಎಲ್ಲಿ ಮುಗಿಯುತ್ತದೆ ಎಂದೇ ಕಾಣುತ್ತಿಲ್ಲ ಮಾರಾಯ" ಎಂದರು. ಸೈಡ್ ಕೇಳುವ ಕಾರು ತಾನೇ ಸೈಡ್ ಸಿಗದ ಹಾಗೆ ಮಾಡಿಕೊಂಡಿತ್ತು.

ಕೇಳುವುದು

ಕ್ರಮ ಹೀಗೆ. ಮೊದಲು ಬಲ ಇಂಡಿಕೇಟರ್. ಅದು ನಾಲ್ಕೈದು ಸಲ ಮಿನುಗಲಿ. ಆಮೇಲೆ ಡಿಮ್ಮಿನಿಂದ ಬ್ರೈಟಿಗೆ, ಬ್ರೈಟಿನಿಂದ ಡಿಮ್ಮಿಗೆ ಎರಡು ಸಲ. ಅಷ್ಟೇ. ಕೈ ತೆಗೆದು ಕಾಯಿರಿ. ಉತ್ತರ ಬಾರದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೊಮ್ಮೆ. ಬಿಡದೆ ಡಿಪ್ ಹೊಡೆಯುತ್ತಲೇ ಇರುವುದು ಬಾಗಿಲು ಬಡಿಯುತ್ತಲೇ ಇದ್ದ ಹಾಗೆ. ಒಳಗಿದ್ದವರಿಗೆ ತೆರೆಯುವ ಮನಸ್ಸಿದ್ದರೂ ಹೋಗುತ್ತದೆ.

ಲಾರಿಯ ಹಿಂದೆ "ಸೌಂಡ್ ಹಾರ್ನ್" ಎಂದು ಬರೆದಿದೆಯಲ್ಲ ಎಂದು ಕೇಳಬಹುದು. ಅದು ಹಗಲಿನ ಮಾತು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶಗಳಲ್ಲಿ ತುರ್ತಿನ ಹೊರತು ಹಾರ್ನ್ ಹಾಕಬಾರದೆಂದು ಶಬ್ದ ಮಾಲಿನ್ಯ ನಿಯಮವೇ ಹೇಳುತ್ತದೆ. ಮೂಲ್ಕಿ, ಪಡುಬಿದ್ರಿ, ಕಾಪು ಎಲ್ಲವೂ ಹೆದ್ದಾರಿಗೆ ತಾಗಿ ಮಲಗಿರುವ ಊರುಗಳು. ಊರು ದಾಟಿದ ಮೇಲೆ, ದೀಪಕ್ಕೆ ಉತ್ತರ ಸಿಗದಿದ್ದರೆ, ಒಂದು ಗಿಡ್ಡ ಹಾರ್ನ್ ಸಾಕು.

ಹಜಾರ್ಡ್ ದೀಪ ಹಾಕಿಕೊಂಡು ಓವರ್‌ಟೇಕ್ ಮಾಡುವ ಹೊಸ ಚಾಳಿಯೊಂದು ಬಂದಿದೆ. ನಾಲ್ಕೂ ದೀಪ ಮಿನುಗುತ್ತಿದ್ದರೆ ನೀವು ಎಡಕ್ಕೋ ಬಲಕ್ಕೋ ಯಾರಿಗೆ ತಿಳಿಯಬೇಕು?

ಉತ್ತರವನ್ನು ಓದುವುದು

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಇಲ್ಲಿ. ನನಗೂ ಆಗಿದೆ.

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿ, ಬೆಳ್ಮಣ್ ಇನ್ನೂ ಸಿಕ್ಕಿರಲಿಲ್ಲ. ಮುಂದೆ ಹತ್ತು ಗಾಲಿಯ ಲಾರಿ. ಎರಡು ಸಲ ಡಿಪ್ ಹೊಡೆದೆ. ಲಾರಿಯ ಬಲ ಇಂಡಿಕೇಟರ್ ಮಿನುಗತೊಡಗಿತು. "ಬಲಗಡೆಯಿಂದ ಹೋಗಿ" ಎನ್ನುತ್ತಿದ್ದಾರೆ ಎಂದು ಗೇರ್ ಇಳಿಸಿ ಬಲಕ್ಕೆ ಬಂದೆ. ನನ್ನ ಮೂತಿ ಲಾರಿಯ ಹಿಂದಿನ ಗಾಲಿಯ ಸಮಕ್ಕೆ ಬಂದಿರಬೇಕು, ಲಾರಿ ಇಡಿಯಾಗಿ ಬಲಕ್ಕೆ ಸರಿಯಿತು. ಬ್ರೇಕ್ ತುಳಿದೆ. ಕಾರಿನ ಬಲಗಾಲಿಗಳು ಡಾಮರು ಬಿಟ್ಟು ಮಣ್ಣಿಗಿಳಿದವು. ಲಾರಿ ಮುಂದೆ ಹೋದ ಮೇಲೆ ಕಂಡಿತು: ಎಡಬದಿಯಲ್ಲಿ ಕೆಟ್ಟು ನಿಂತ ಇನ್ನೊಂದು ಲಾರಿ, ದೀಪವಿಲ್ಲ. ಅದರ ಹಿಂದೆ ರಸ್ತೆಯ ಮೇಲೆ ಒಂದಿಷ್ಟು ಹಸಿರು ಸೊಪ್ಪು.

ಮುಂದಿನ ಪೇಟೆಯ ಹೋಟೆಲಿನೆದುರು ಆ ಹತ್ತು ಗಾಲಿಯ ಲಾರಿ ನಿಂತಿತ್ತು. ಜಗಳಕ್ಕೆಂದೇ ಇಳಿದೆ. ಚಾಲಕರು ಐವತ್ತು ದಾಟಿದವರು, ಚಹಾದ ಲೋಟ ಹಿಡಿದು ನಿಂತಿದ್ದರು. "ಅಣ್ಣಾ, ಇಂಡಿಕೇಟರ್ ಹಾಕಿ ಕರೆದದ್ದು ನೀವೇ ಅಲ್ಲವೇ?" ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಸಾರ್, ಬಲಗಡೆ ಇಂಡಿಕೇಟರ್ ಹಾಕಿದರೆ ನಾನು ಬಲಕ್ಕೆ ಹೋಗುತ್ತೇನೆ ಎಂದರ್ಥ. ನಿಮಗೆ ಯಾರು ಬೇರೆ ಹೇಳಿಕೊಟ್ಟದ್ದು?" ಎಂದು ಕೇಳಿ ನನಗೂ ಒಂದು ಚಹಾ ಹೇಳಿದರು.

ಬೇರೆ ಹೇಳಿಕೊಟ್ಟವರೂ ಲಾರಿಯವರೇ. ಕೆಲವರು ಬಲ ಇಂಡಿಕೇಟರ್ ಹಾಕಿ "ಬಲದಿಂದ ಬನ್ನಿ" ಎನ್ನುತ್ತಾರೆ. ಕೆಲವರು ಅದನ್ನೇ ಹಾಕಿ "ಎದುರಿನಿಂದ ಗಾಡಿ ಬರುತ್ತಿದೆ, ಬರಬೇಡಿ" ಎನ್ನುತ್ತಾರೆ. ಇನ್ನು ಕೆಲವರು ನಿಜವಾಗಿ ಬಲಕ್ಕೆ ತಿರುಗುತ್ತಾರೆ. ನಮ್ಮ ಹೆದ್ದಾರಿಯಲ್ಲಿ ಒಡಿಶಾದ ಚಾಲಕರೂ ಇದ್ದಾರೆ, ರಾಜಸ್ಥಾನದವರೂ ಇದ್ದಾರೆ. ಒಂದೊಂದು ಕಡೆ ಒಂದೊಂದು ರೂಢಿ. ಆದ್ದರಿಂದ ಅಂದಿನಿಂದ ನಾನು ಪಾಲಿಸುವ ಕ್ರಮ ಇದು.

ಬಲ ಇಂಡಿಕೇಟರ್ ಕಂಡರೆ "ಬೇಡ" ಎಂದೇ ತಿಳಿಯುತ್ತೇನೆ. ನಿಂತು ನೋಡುತ್ತೇನೆ. ಎಡ ಇಂಡಿಕೇಟರ್ ಹಾಕಿ, ಜೊತೆಗೆ ಲಾರಿಯೇ ಎಡಕ್ಕೆ ಸರಿದು, ವೇಗ ತುಸು ತಗ್ಗಿಸಿದರೆ ಅದು ಸೈಡ್ ಕೊಟ್ಟದ್ದು. ಇಂಡಿಕೇಟರ್ ಮಾತ್ರ ಮಿನುಗಿ ಲಾರಿ ಸರಿಯದಿದ್ದರೆ ಅದು ಅರ್ಧ ಉತ್ತರ. ಎಡಕ್ಕೆ ಪೆಟ್ರೋಲ್ ಬಂಕಿಗೆ ತಿರುಗುತ್ತಿರಲೂಬಹುದು. ಕಿಟಕಿಯಿಂದ ಕೈ ಹೊರಗೆ ಬಂದು ಮುಂದಕ್ಕೆ ಬೀಸಿದರೆ ಒಳ್ಳೆಯದೇ, ಆದರೆ ಕತ್ತಲಲ್ಲಿ ಬೀಸಿದ ಕೈಗೂ ತಡೆದ ಕೈಗೂ ವ್ಯತ್ಯಾಸ ಕಾಣುವುದು ಕಷ್ಟ. ಮುಖ್ಯವಾಗಿ, ಲಾರಿಯವರು ಕೊಡುವುದು ಸೈಡ್ ಮಾತ್ರ. ಎದುರಿನ ರಸ್ತೆ ಖಾಲಿ ಇದೆಯೆಂಬ ಖಾತರಿ ಕೊಡುವುದು ಅವರ ಕೆಲಸವಲ್ಲ. ಅದನ್ನು ನೋಡಬೇಕಾದವರು ನೀವೇ.

ಆ ಸೊಪ್ಪಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ರಸ್ತೆಯ ಮೇಲೆ ಹಸಿರು ಕೊಂಬೆ, ಸಾಲಾಗಿಟ್ಟ ಕಲ್ಲು ಕಂಡರೆ ಮುಂದೆ ಗಾಡಿ ಕೆಟ್ಟು ನಿಂತಿದೆ ಎಂದರ್ಥ. ನಿಮ್ಮ ಮುಂದಿನ ಲಾರಿ ಇನ್ನೆರಡು ಕ್ಷಣದಲ್ಲಿ ಬಲಕ್ಕೆ ಸರಿಯುತ್ತದೆ. ಆಗ ಅದರ ಪಕ್ಕದಲ್ಲಿ ನೀವಿರಬಾರದು.

ದೂರದ ಲೆಕ್ಕ

ಎರಡು ಪಥದ ರಸ್ತೆಯ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ, ಕಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೇಳುತ್ತದೆ. ಲಾರಿ 50ರಲ್ಲಿದೆ, ನೀವು 70ರಲ್ಲಿ. ಲಾರಿಯ ಉದ್ದ 12 ಮೀಟರ್, ಕಾರಿನದು 4. ಹಿಂದೆ 30 ಮೀಟರ್ ಇರುವಾಗ ಹೊರಟು, ಮುಂದೆ 30 ಮೀಟರ್ ಬಿಟ್ಟು ಒಳಗೆ ಸೇರುತ್ತೀರಿ. ಅಂದರೆ ಲಾರಿಗಿಂತ 76 ಮೀಟರ್ ಹೆಚ್ಚು ಓಡಬೇಕು. ಇದಕ್ಕೆ ಸುಮಾರು 14 ಸೆಕೆಂಡು ಬೇಕು. ಅಷ್ಟರಲ್ಲಿ ನೀವು 270 ಮೀಟರ್ ಸಾಗುತ್ತೀರಿ, 70ರಲ್ಲೇ ಎದುರು ಬರುವ ಗಾಡಿಯೂ 270 ಮೀಟರ್ ಸಾಗುತ್ತದೆ. ಒಟ್ಟು ಅರ್ಧ ಕಿಲೋಮೀಟರಿಗಿಂತ ಹೆಚ್ಚು ಖಾಲಿ ರಸ್ತೆ ಬೇಕು.

ಲಾರಿ 60ರಲ್ಲಿದ್ದರೆ? ವ್ಯತ್ಯಾಸ ಬರೀ 10 ಕಿಲೋಮೀಟರ್. ಈಗ ಬೇಕಾದದ್ದು 27 ಸೆಕೆಂಡು, ಖಾಲಿ ರಸ್ತೆ ಒಂದು ಕಿಲೋಮೀಟರಿಗೂ ಮಿಗಿಲು. ವಿಭಜಕವಿಲ್ಲದ ರಸ್ತೆಗಳಲ್ಲಿ ಕಾರಿಗೆ ಕೇಂದ್ರದ 2018ರ ಅಧಿಸೂಚನೆ ಕೊಟ್ಟಿರುವ ಗರಿಷ್ಠ ವೇಗವೇ 70. ಹಾಗಾದರೆ 60ರಲ್ಲಿ ಹೋಗುವ ಲಾರಿಯನ್ನು ಕಾನೂನಿನೊಳಗಿದ್ದು ದಾಟಲು ಒಂದು ಕಿಲೋಮೀಟರ್ ನೇರ ರಸ್ತೆ ಬೇಕಾಯಿತು. ನಮ್ಮ ಬೆಳ್ಮಣ್ ರಸ್ತೆಯಲ್ಲಾಗಲಿ, ಹೆಬ್ರಿ ರಸ್ತೆಯಲ್ಲಾಗಲಿ ಅಂಥದ್ದು ಎಷ್ಟು ಕಡೆ ಇದೆ, ನೀವೇ ಎಣಿಸಿ. ಡಿಮ್ ದೀಪಕ್ಕೆ ಕಾಣುವುದೋ ಐವತ್ತು ಅರುವತ್ತು ಮೀಟರ್. ಉಳಿದದ್ದೆಲ್ಲ ಎದುರಿನ ದೀಪ ಕಾಣುತ್ತಿದೆಯೇ ಇಲ್ಲವೇ ಎಂಬುದರ ಮೇಲೆ ನಿಂತಿದೆ. ತಿರುವಿನಾಚೆಯ ದೀಪ ಕಾಣುವುದಿಲ್ಲ, ದೀಪವಿಲ್ಲದ ಸೈಕಲ್ಲಂತೂ ಇಲ್ಲವೇ ಇಲ್ಲ. ಯಕ್ಷಗಾನದ ದಿನಗಳಲ್ಲಿ ನಡುರಾತ್ರಿಯಲ್ಲೂ ಆಟ ಬಿಟ್ಟು ಮನೆಗೆ ನಡೆಯುವವರು ರಸ್ತೆಯಂಚಿನಲ್ಲಿರುತ್ತಾರೆ, ಕೈಯಲ್ಲೊಂದು ಮೊಬೈಲ್ ಬೆಳಕು ಇದ್ದರೆ ಪುಣ್ಯ.

ತಿರುವು, ಸೇತುವೆ, ಏರಿನ ತುದಿ, ಅಡ್ಡರಸ್ತೆ, ನಡುವೆ ಬಿಡದ ಗೆರೆ ಎಳೆದ ಜಾಗ: ಇಲ್ಲೆಲ್ಲ ಓವರ್‌ಟೇಕ್ ಇಲ್ಲ. ಕಾನೂನಿಗೆ ವಿರುದ್ಧವಾಗಿ ಓವರ್‌ಟೇಕ್ ಮಾಡುವುದನ್ನು 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಯ ಪಟ್ಟಿಗೇ ಸೇರಿಸಿದೆ.

ದಾಟುವುದು, ಒಳಗೆ ಸೇರುವುದು

ಗೇರ್ ಇಳಿಸಿ, ಕನ್ನಡಿ ನೋಡಿ. ನಿಮ್ಮ ಹಿಂದಿನವರು ಆಗಲೇ ಹೊರಟಿರಬಹುದು. ಬಲಕ್ಕೆ ಬಂದ ಮೇಲೂ ದೀಪ ಡಿಮ್‌ನಲ್ಲೇ ಇರಲಿ. ನಿಮ್ಮ ಹೆಡ್‌ಲೈಟು ಲಾರಿಯ ಬಲಗನ್ನಡಿಯನ್ನು ದಾಟಿದ ಮೇಲೆ, ಎದುರಿನಿಂದ ಯಾರೂ ಇಲ್ಲದಿದ್ದರೆ ಬ್ರೈಟ್ ಮಾಡಿಕೊಳ್ಳಿ. ಈ ಒಂದು ಕ್ಷಣದ ಕಾಯುವಿಕೆಯನ್ನು ಲಾರಿಯವರು ಗಮನಿಸುತ್ತಾರೆ. ಮಾವ ಅಂಥ ಕಾರು ಕಂಡರೆ "ಇವನ ಮನೆಯಲ್ಲಿ ಯಾರೋ ಲಾರಿಯವರಿರಬೇಕು" ಎನ್ನುತ್ತಿದ್ದರು.

ಲಾರಿಯ ಪಕ್ಕದಲ್ಲಿ ಹೊತ್ತು ಕಳೆಯಬೇಡಿ. ಚಾಲಕರ ಬಾಗಿಲಿನ ಕೆಳಗೆ ಮತ್ತು ಲಾರಿಯ ಮೂತಿಯ ಹತ್ತಿರದ ಜಾಗ ಅವರಿಗೆ ಕಾಣದು. ಮುಂದೆ ಹೋದ ಕಾರಿನ ಬಾಲ ಹಿಡಿದು ನೀವೂ ನುಗ್ಗಬೇಡಿ. ಲಾರಿಯವರು ಸೈಡ್ ಕೊಟ್ಟದ್ದು ಆ ಕಾರಿಗೆ, ಎದುರಿನ ರಸ್ತೆಯನ್ನು ನೋಡಿದ್ದೂ ಆ ಕಾರೇ.

ಒಳಗಿನ ಕನ್ನಡಿಯಲ್ಲಿ ಲಾರಿಯ ಎರಡೂ ಹೆಡ್‌ಲೈಟುಗಳು ಒಟ್ಟಿಗೆ ಕಾಣುವವರೆಗೆ ಎಡಕ್ಕೆ ಬರಬೇಡಿ. ಎಡ ಇಂಡಿಕೇಟರ್ ಹಾಕಿ, ಓರೆಯಾಗಿ ನಿಧಾನಕ್ಕೆ ಸೇರಿ. ಸೇರಿದ ಮೇಲೆ ವೇಗ ಇಳಿಸಬೇಡಿ. ಇಪ್ಪತ್ತು ಟನ್ ಹೊತ್ತ ಲಾರಿ ನಿಮ್ಮ ಕಾರಿನಷ್ಟು ಬೇಗ ನಿಲ್ಲುವುದಿಲ್ಲ. ಕಳೆದುಕೊಂಡ ವೇಗವನ್ನು ಮತ್ತೆ ಗಳಿಸಲು ಅದಕ್ಕೆ ಒಂದೆರಡು ಕಿಲೋಮೀಟರ್ ಬೇಕು, ಡೀಸೆಲ್ ಬೇರೆ. ದಾಟಿ ಮುಂದೆ ಬಂದು ಫೋನ್ ನೋಡಲು ನಿಧಾನಿಸುವವರ ಮೇಲೆ ಲಾರಿಯವರಿಗೆ ಬರುವ ಸಿಟ್ಟು ನ್ಯಾಯವಾದದ್ದು.

ಕೃತಜ್ಞತೆಗೆ, ಊರಿನ ಹೊರಗಾದರೆ, ಒಂದು ಪುಟ್ಟ ಹಾರ್ನ್. ಹಲವರು ಒಮ್ಮೆ ಡಿಪ್ ಹೊಡೆದು ಮರುನುಡಿಯುತ್ತಾರೆ.

ಅರ್ಧ ಹೋದ ಮೇಲೆ ಎದುರಿನ ದೀಪ ಎಣಿಸಿದ್ದಕ್ಕಿಂತ ಬೇಗ ದೊಡ್ಡದಾದರೆ, ಬ್ರೇಕ್ ಹಾಕಿ ಹಿಂದೆ ಸೇರಿಕೊಳ್ಳಿ. ನೀವು ಬಿಟ್ಟು ಬಂದ ಜಾಗವನ್ನು ನಿಮ್ಮ ಹಿಂದಿನವರು ತುಂಬಿಕೊಳ್ಳದೆ ಇರಬೇಕಷ್ಟೇ. ನೀವು ಹಿಂದಿನವರಾಗಿದ್ದರೆ, ಮುಂದಿನ ಕಾರು ಓವರ್‌ಟೇಕಿಗೆ ಹೊರಟ ಕೂಡಲೇ ಆ ಜಾಗಕ್ಕೆ ನುಗ್ಗಬೇಡಿ.

ಎದುರಿನ ದೀಪಗಳು

ಎದುರಿನ ಗಾಡಿ ಡಿಪ್ ಹೊಡೆದರೆ ನಮ್ಮಲ್ಲಿ ಅದರ ಅರ್ಥ "ನಾನು ಬರುತ್ತಿದ್ದೇನೆ, ನೀವು ನಿಲ್ಲಿ". ವಿದೇಶದಲ್ಲಿ ಕೆಲವೆಡೆ ಅದನ್ನೇ "ನೀವು ಬನ್ನಿ" ಎನ್ನಲು ಬಳಸುತ್ತಾರೆ. ಕೊಲ್ಲಿ ರಾಷ್ಟ್ರಗಳಿಂದಲೋ ಯುರೋಪಿನಿಂದಲೋ ರಜೆಗೆ ಬಂದು ಕಾರು ಹಿಡಿಯುವ ನಮ್ಮವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಡಿಮ್ ಮಾಡುವುದರಲ್ಲಿ ಮೊದಲು ಯಾರು ಎಂಬ ಹಟ ಬೇಡ. ನೀವು ಮೊದಲು ಮಾಡಿ. ಮಾಡಿದ ಮೇಲೂ ಅವರು ಬ್ರೈಟಿನಲ್ಲೇ ಬಂದರೆ ಒಮ್ಮೆ ನೆನಪಿಸಿ, ಆಮೇಲೆ ರಸ್ತೆಯ ಎಡಂಚಿನ ಬಿಳಿ ಗೆರೆ ನೋಡುತ್ತ ಸಾಗಿ. ಸೇಡಿಗೆ ನೀವೂ ಬ್ರೈಟ್ ಹಾಕಿದರೆ ಕುರುಡರು ಒಬ್ಬರಿದ್ದದ್ದು ಇಬ್ಬರಾಗುತ್ತಾರೆ. ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಕೆಲವು ಸೆಕೆಂಡುಗಳು ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ಒಂಟಿ ದೀಪ ಕಂಡರೆ ಬೈಕ್ ಎಂದು ತೀರ್ಮಾನಿಸಬೇಡಿ. ಬಲಗಣ್ಣು ಹೋದ ಲಾರಿಯೂ ಆಗಿರಬಹುದು.

ನಾಲ್ಕು ಪಥದ ರಸ್ತೆ

ತಲಪಾಡಿಯಿಂದ ಕುಂದಾಪುರದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎದುರಿನ ಗಾಡಿಯ ಭಯವಿಲ್ಲ, ಇರಬಾರದು. ಆದರೂ ವಿಭಜಕ ಬಿಟ್ಟ ಕಡೆಗಳಲ್ಲಿ ತಪ್ಪು ದಿಕ್ಕಿನಿಂದ ಬರುವ ಸ್ಕೂಟರು ದಿನಕ್ಕೊಂದಾದರೂ ಸಿಗುತ್ತದೆ.

ಇಲ್ಲಿನ ದೂರು ಬೇರೆ: ಲಾರಿಗಳು ಬಲಪಥ ಬಿಡುವುದಿಲ್ಲ. ನಿಜ, ಅದು ತಪ್ಪು. ಆದರೆ ಒಮ್ಮೆ ಎಡಪಥದಲ್ಲೇ ಉಡುಪಿಯವರೆಗೆ ಬಂದು ನೋಡಿ. ದೀಪವಿಲ್ಲದೆ ನಿಲ್ಲಿಸಿದ ಲಾರಿ, ಸರ್ವಿಸ್ ರಸ್ತೆಯಿಂದ ನೋಡದೆ ನುಗ್ಗುವ ರಿಕ್ಷಾ, ಬಸ್ ತಂಗುದಾಣ, ನೀರು ನಿಂತ ಗುಂಡಿ. ತುಂಬಿದ ಲಾರಿಯನ್ನು ಪ್ರತಿ ಸಲವೂ ಅಲ್ಲಿಂದ ಬಲಕ್ಕೆ ತರುವುದು ಸುಲಭವಲ್ಲ. ಹಾಗಾಗಿ ಕೇಳಿ, ಕಾಯಿರಿ. ಬಹುತೇಕರು ಜಾಗ ನೋಡಿ ಸರಿಯುತ್ತಾರೆ. ಅವರು ಎಡಕ್ಕೆ ಬರಲು ಹೊರಟ ಅದೇ ಹೊತ್ತಿಗೆ ಎಡದಿಂದ ನುಗ್ಗುವ ಕಾರುಗಳಿಂದಲೇ ಇಲ್ಲಿ ಅಪಘಾತವಾಗುವುದು. ಲಾರಿಯ ಎಡಬದಿ ಚಾಲಕರಿಗೆ ಅತಿ ಕಡಿಮೆ ಕಾಣುವ ಬದಿ.

ಘಾಟಿಯಲ್ಲಿ

ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳಿಗೆ ಅವಕಾಶವಿಲ್ಲ, ಹಾಗಾಗಿ ಮಾತೆಲ್ಲ ಶಿರಾಡಿಯದ್ದೇ. ಗುಂಡ್ಯ ದಾಟಿ ಏರು ಶುರುವಾದ ಮೇಲೆ ತುಂಬಿದ ಲಾರಿ ಹದಿನೈದು ಇಪ್ಪತ್ತರ ವೇಗದಲ್ಲಿ ತೆವಳುತ್ತದೆ. ಅದನ್ನು ನಿಲ್ಲಿಸುವ ಹಾಗೆ ಮಾಡಬೇಡಿ; ಏರಿನಲ್ಲಿ ನಿಂತ ಲಾರಿ ಮತ್ತೆ ಹೊರಡುವುದು ದೊಡ್ಡ ಕಷ್ಟ. ಇಕ್ಕಟ್ಟಾದ ಕಡೆ ಇಳಿಯುವವರು ಏರುವವರಿಗೆ ದಾರಿ ಬಿಡಬೇಕೆಂಬ ನಿಯಮ ಹುಟ್ಟಿದ್ದೂ ಇದಕ್ಕೇ.

ಇಳಿಜಾರಿನಲ್ಲಿ ಲಾರಿ ನಿಧಾನವಾಗಿದ್ದರೆ ಅದು ಸಣ್ಣ ಗೇರಿನಲ್ಲಿ ಎಂಜಿನ್ನಿನ ತಡೆಯಿಂದ ಇಳಿಯುತ್ತಿದೆ. ಸುಟ್ಟ ವಾಸನೆ ಬಂದರೆ ಬ್ರೇಕ್ ಕಾದಿದೆ ಎಂದು ತಿಳಿದು, ಮುಂದೆ ಹೋಗುವ ಯೋಚನೆಯನ್ನೇ ಬಿಟ್ಟು ದೂರ ಉಳಿಯಿರಿ. ತಿರುವಿನಲ್ಲಿ ಟ್ರೈಲರಿನ ಮೂತಿ ಹೊರಗೆ ಹೋದರೂ ಬಾಲ ಒಳಗೆ ಕೊಯ್ಯುತ್ತದೆ. ಆ ಸಂದಿ ಖಾಲಿ ಕಂಡರೂ ನಿಮ್ಮದಲ್ಲ.

ಮಳೆಯಲ್ಲಿ

ಜೂನ್ ನಂತರ ನಮ್ಮ ಮಳೆಯಲ್ಲಿ ಲಾರಿಯ ಗಾಲಿಗಳು ಎಬ್ಬಿಸುವ ನೀರು ಗೋಡೆಯ ಹಾಗೆ. ಅದರ ಪಕ್ಕಕ್ಕೆ ಬಂದ ಕೂಡಲೇ ಎರಡು ಮೂರು ಸೆಕೆಂಡು ಏನೂ ಕಾಣದು. ಹೊರಡುವ ಮೊದಲೇ ವೈಪರನ್ನು ಪೂರ್ತಿ ವೇಗಕ್ಕೆ ಹಾಕಿಕೊಳ್ಳಿ, ಏಸಿ ಗಾಳಿಯನ್ನು ಗಾಜಿಗೆ ತಿರುಗಿಸಿ. ನೀವು ದಾಟಿದ ಮೇಲೆ ಸ್ವಲ್ಪ ಹೆಚ್ಚೇ ದೂರ ಹೋಗಿ ಒಳಗೆ ಸೇರಿ; ನಿಮ್ಮ ಗಾಲಿಯ ಕೆಸರೂ ಅವರ ಗಾಜಿಗೆ ಹಾರುತ್ತದೆ. ಎರಡು ಪಥದ ರಸ್ತೆಯಲ್ಲಿ ಜೋರು ಮಳೆಗೆ ನಾನು ಲಾರಿ ದಾಟುವುದಿಲ್ಲ.

ಲಾರಿ ಚಾಲಕರಲ್ಲಿ ಕೆಲವು ಮಾತು

ಅಣ್ಣಂದಿರೇ, ನಿಮ್ಮ ಹಿಂದಿನ ಪ್ರತಿಫಲಕ ಪಟ್ಟಿಯನ್ನು ಹೊರಡುವ ಮೊದಲು ಕ್ಲೀನರಿನಿಂದ ಒಮ್ಮೆ ಒರೆಸಿಸಿ. ಬಲ ಇಂಡಿಕೇಟರನ್ನು ಬಲಕ್ಕೆ ಹೋಗುವುದಕ್ಕೆ ಮಾತ್ರ ಉಳಿಸಿಕೊಳ್ಳಿ. ಕಾರು ಪಕ್ಕದಲ್ಲಿರುವಾಗ ವೇಗ ಹೆಚ್ಚಿಸಬಾರದೆಂಬುದು ಚಾಲನಾ ನಿಯಮದಲ್ಲೇ ಇದೆ; ಇಳಿಜಾರು ಸಿಕ್ಕಿತೆಂದು ಅದೇ ಹೊತ್ತಿಗೆ ಬಿಟ್ಟುಕೊಂಡರೆ ನಾವು ನಡುರಸ್ತೆಯಲ್ಲಿ ಸಿಕ್ಕಿಬೀಳುತ್ತೇವೆ. ಕಾರು ನಿಮ್ಮನ್ನು ದಾಟಿದ ಕೂಡಲೇ ಡಿಮ್ ಮಾಡಿ, ನಿಮ್ಮ ದೀಪ ಇರುವುದು ಸರಿಯಾಗಿ ನಮ್ಮ ಕನ್ನಡಿಯ ಎತ್ತರದಲ್ಲಿ. ಗಾಡಿ ಕೆಟ್ಟರೆ ಸೊಪ್ಪಿನ ಜೊತೆ ಪ್ರತಿಫಲಕ ತ್ರಿಕೋನವನ್ನೂ ಇಡಿ. ಸೊಪ್ಪು ಕತ್ತಲಲ್ಲಿ ಹೊಳೆಯುವುದಿಲ್ಲ. ಹೆದ್ದಾರಿಯ ಸಹಾಯವಾಣಿ 1033ಕ್ಕೆ ಕರೆ ಮಾಡಿ, ಅಪಘಾತವಾದರೆ 112.

ಸೈಡ್ ಸಿಗದೇ ಹೋದರೆ

ಸಿಗದ ದಿನಗಳೂ ಇರುತ್ತವೆ. ಚಾಲಕರಿಗೆ ನಿದ್ದೆ ಬಂದಂತಿದ್ದರೆ, ಲಾರಿ ಗೆರೆಯಿಂದ ಗೆರೆಗೆ ತೂಗಾಡುತ್ತಿದ್ದರೆ, ದಾಟುವ ಮಾತೇ ಬೇಡ. ದೂರದಿಂದ ಒಂದೆರಡು ಹಾರ್ನ್ ಹಾಕಿ ಎಬ್ಬಿಸಿ. ಬರೀ ಹಟವಾಗಿದ್ದರೆ ಹಟ ಅವರಿಗೇ ಇರಲಿ. 15 ಕಿಲೋಮೀಟರನ್ನು 70ರ ಬದಲು 50ರಲ್ಲಿ ಹೋದರೆ ತಗಲುವುದು ಐದು ನಿಮಿಷ ಹೆಚ್ಚು. ಹೋಟೆಲ್ ತೆರೆದಿದ್ದರೆ ಇಳಿದು ಒಂದು ಚಹಾ ಕುಡಿಯಿರಿ, ಲಾರಿ ಅಷ್ಟರಲ್ಲಿ ಎಲ್ಲೋ ಹೋಗಿರುತ್ತದೆ. ನಾಲ್ಕು ಪಥದಲ್ಲಿ ನಾನು ಉಸಿರು ಬಿಗಿಹಿಡಿದು ಹಿಂದಿಕ್ಕಿದ ಲಾರಿಗಳೆಷ್ಟೋ ಹೆಜಮಾಡಿ ಟೋಲ್‌ಗೇಟಿನಲ್ಲಿ ನನ್ನ ಪಕ್ಕದ ಸಾಲಿನಲ್ಲೇ ಬಂದು ನಿಂತಿವೆ. ಒಮ್ಮೆಯಂತೂ ಕ್ಲೀನರ್ ಹುಡುಗ ಕಿಟಕಿಯಿಂದ ಬಗ್ಗಿ, ನನ್ನ ಹೆಡ್‌ಲೈಟ್ ಇನ್ನೂ ಬ್ರೈಟಿನಲ್ಲೇ ಇದೆಯೆಂದು ಕೈಸನ್ನೆ ಮಾಡಿ ತೋರಿಸಿದ.